ಚೀಟಿಯ ಹಿಂದಿನ ಲೆಕ್ಕ: ಮಕ್ಕಳನ್ನು ಸಾಫ್ಟ್‌ವೇರ್‌ಗೆ ಕಳುಹಿಸುವ ಮುನ್ನ



ಎಸ್‌ಎಸ್‌ಎಲ್‌ಸಿ, ಪಿಯುಸಿ ಫಲಿತಾಂಶ ಬರುವ ದಿನಗಳಲ್ಲಿ ಡೈರಿಗೆ ಹಾಲು ಹಾಕಲು ಬಂದವರ ನಡುವೆ ದರದ ಮಾತಿಗಿಂತ ಮಕ್ಕಳ ಓದಿನ ಮಾತೇ ಹೆಚ್ಚು. ನೀವು ಹಬ್ಬುವಾಡದಲ್ಲಿ ಮನೆಯ ಹಿಂದೆ ಎರಡು ಹಸು ಕಟ್ಟಿಕೊಂಡಿರಬಹುದು, ಮಾಜಾಳಿ, ಅಮದಳ್ಳಿ, ಅವರ್ಸಾ ಕಡೆ ನಾಲ್ಕಾರು ಜಾನುವಾರು ಸಾಕಿರಬಹುದು. ಪ್ರಶ್ನೆ ಮಾತ್ರ ಒಂದೇ: "ಮಗಳನ್ನು ಸಾಫ್ಟ್‌ವೇರ್‌ಗೆ ಹಾಕಬೇಕೆಂದಿದ್ದೇವೆ, ಎಷ್ಟು ಖರ್ಚಾದೀತು?" ಬೆಂಗಳೂರಿನ ಆರು ತಿಂಗಳ ಕೋರ್ಸಿಗೆಂದು ಕರಾವಿನ ಹಸುವನ್ನೇ ಮಾರುವ ಯೋಚನೆ ಮಾಡುವವರೂ ಇದ್ದಾರೆ. ಹಸುವಿನ ಹಗ್ಗ ಬಿಚ್ಚುವ ಮೊದಲು, ಈ ದಾರಿಯಲ್ಲಿ ಮುಂಚೆ ನಡೆದವರು ಹೇಗೆ ನಡೆದರು ಎಂದು ಸ್ವಲ್ಪ ನೋಡಿ.

ಸಾಫ್ಟ್‌ವೇರ್ ಎಂದರೆ ಏನು ಕೆಲಸ?

ದೂರ ಹೋಗುವುದು ಬೇಡ. ನಿಮ್ಮ ಕೈಗೆ ಬರುವ ಹಾಲಿನ ಚೀಟಿಯನ್ನೇ ನೋಡಿ. ನೀವು 8 ಲೀಟರ್ ಹಾಲು ಹಾಕಿದಿರಿ, ಜಿಡ್ಡು 4.0 ಬಂತು ಎನ್ನಿ. ಒಂದು ಲೀಟರ್ ಹಾಲು ಸುಮಾರು 1.03 ಕೆ.ಜಿ. ತೂಗುತ್ತದೆ. ಅಂದರೆ 8.24 ಕೆ.ಜಿ. ಹಾಲು, ಅದರಲ್ಲಿ ಸುಮಾರು 330 ಗ್ರಾಂ ಜಿಡ್ಡು. ಜಿಡ್ಡು 3.5ಕ್ಕೆ ಇಳಿದರೆ ಅದು ಸುಮಾರು 288 ಗ್ರಾಂ. ಇದರ ಜೊತೆ ಎಸ್‌ಎನ್‌ಎಫ್ ನೋಡಿ, ದರಪಟ್ಟಿಗೆ ಹೊಂದಿಸಿ, ನಿಮ್ಮ ಸದಸ್ಯ ಸಂಖ್ಯೆಗೆ ಜಮಾ ಮಾಡಿ, ಚೀಟಿ ಮುದ್ರಿಸಬೇಕು. ಕಂಪ್ಯೂಟರ್ ಇರುವ ಸಂಘಗಳಲ್ಲಿ ಇಷ್ಟೂ ಕೆಲಸ ಕ್ಷಣದಲ್ಲಿ ಮುಗಿಯುತ್ತದೆ.

ಗುಣಿಸುವುದನ್ನು ಯಂತ್ರಕ್ಕೆ ಹೇಳಿಕೊಡುವುದು ಸುಲಭ. ಕಷ್ಟದ ಕೆಲಸ ಮುಂದಿದೆ. 4.0 ಒತ್ತುವ ಬದಲು ಯಾರೋ 40 ಒತ್ತಿದರೆ ಯಂತ್ರ ಅದನ್ನು ಒಪ್ಪಬೇಕೇ? ಲೆಕ್ಕದ ನಡುವೆ ಕರೆಂಟು ಹೋದರೆ ನಿಮ್ಮ 8 ಲೀಟರ್ ಉಳಿಯಬೇಕಲ್ಲ, ಹೇಗೆ? ಒಬ್ಬರೇ ಎರಡು ಸಲ ಹಾಲು ಹಾಕಿದರೆ ಅದು ತಪ್ಪೋ, ನಿಜವೋ? ಇಂಥದ್ದನ್ನು ಮುಂಚೆಯೇ ಯೋಚಿಸಿ ದಾರಿ ಮಾಡಿಡುವವರೇ ಒಳ್ಳೆಯ ಸಾಫ್ಟ್‌ವೇರ್ ಎಂಜಿನಿಯರ್. ಕಂಪ್ಯೂಟರಿಗೆ ಬರೆದುಕೊಡುವ ಆದೇಶಗಳನ್ನು ಕೋಡ್ ಎನ್ನುತ್ತಾರೆ. ಕೋಡ್ ಬರೆಯುವುದು ಅವರ ಕೆಲಸದ ಒಂದು ಭಾಗ ಮಾತ್ರ.

ಮನೆಗೆ ಹತ್ತಿರದ ಕಾಲೇಜೇ ಸಾಕಾಯಿತು

ಎನ್.ಆರ್. ನಾರಾಯಣಮೂರ್ತಿಯವರ ಹೆಸರು ಕೇಳದವರಿಲ್ಲ. 1946ರಲ್ಲಿ ಶಿಡ್ಲಘಟ್ಟದಲ್ಲಿ ಹುಟ್ಟಿದ ಅವರ ತಂದೆ ಶಾಲಾ ಮೇಷ್ಟರು. ಐಐಟಿಯ ಪ್ರವೇಶ ಪರೀಕ್ಷೆ ಪಾಸಾದರೂ ಖರ್ಚು ಭರಿಸುವ ಶಕ್ತಿ ಮನೆಯಲ್ಲಿರಲಿಲ್ಲ. ಹಾಗಾಗಿ ಮೈಸೂರಿನ ಎನ್‌ಐಇ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದರು. ಅಲ್ಲಿಂದ ಮೇಲೆ ಕಾನ್ಪುರದ ಐಐಟಿಯಲ್ಲಿ ಎಂ.ಟೆಕ್. ಮಾಡಿದರು. ನಂತರ ಅಹಮದಾಬಾದಿನ ಐಐಎಂನಲ್ಲಿ ಪ್ರೋಗ್ರಾಮರ್ ಆಗಿ ದುಡಿದರು.

ಅವರು ಮೊದಲು ಕಟ್ಟಿದ ಕಂಪನಿ ಇನ್ಫೋಸಿಸ್ ಅಲ್ಲ, ಸಾಫ್ಟ್ರಾನಿಕ್ಸ್. ಅದು ಒಂದೂವರೆ ವರ್ಷದಲ್ಲಿ ಕೈಕೊಟ್ಟಿತು. ಮತ್ತೆ ನೌಕರಿಗೆ ಸೇರಿ, 1981ರಲ್ಲಿ ಪುಣೆಯಲ್ಲಿ ಆರು ಜನ ಜೊತೆಗಾರರೊಂದಿಗೆ ಇನ್ಫೋಸಿಸ್ ಆರಂಭಿಸಿದರು. ಮೊದಲ ಬಂಡವಾಳ ಪತ್ನಿ ಸುಧಾ ಮೂರ್ತಿಯವರು ಕೊಟ್ಟ 10,000 ರೂಪಾಯಿ. ಸಾಫ್ಟ್‌ವೇರ್ ಕಂಪನಿಯಾದರೂ ಸ್ವಂತ ಕಂಪ್ಯೂಟರ್ ಬರುವುದಕ್ಕೆ 1983 ಆಯಿತು. ಶೇರು ಮಾರುಕಟ್ಟೆಗೆ ಬಂದದ್ದು 1993ರಲ್ಲಿ. ಕರು ಹಾಕಿದ ದಿನವೇ ಯಾರೂ ಹತ್ತು ಲೀಟರ್ ಕರೆಯುವುದಿಲ್ಲ ಎಂಬುದು ನಿಮಗೆ ಗೊತ್ತಿರುವುದೇ.

ಹೆಣ್ಣುಮಕ್ಕಳಿರುವ ಮನೆಯವರು ಸುಧಾ ಮೂರ್ತಿಯವರನ್ನೂ ನೆನಪಿಡಿ. ಅವರು ಹುಟ್ಟಿದ್ದು ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಶಿಗ್ಗಾಂವಿಯಲ್ಲಿ, ಎಂಜಿನಿಯರಿಂಗ್ ಓದಿದ್ದು ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ. ಟೆಲ್ಕೊ ಕಂಪನಿಯ ಜಾಹೀರಾತಿನಲ್ಲಿ ಮಹಿಳೆಯರು ಅರ್ಜಿ ಹಾಕುವಂತಿಲ್ಲ ಎಂದು ಕಂಡಾಗ ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಪೋಸ್ಟ್ ಕಾರ್ಡ್ ಬರೆದರು. ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು.

ಕನ್ನಡದ ತೊಡಕು ಬಿಡಿಸಿದವರು

ಮಂಗಳೂರು ಕಡೆಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ಹೆಸರು ಅಷ್ಟಾಗಿ ಕೇಳಿರಲಿಕ್ಕಿಲ್ಲ. 1940ರಲ್ಲಿ ಹುಟ್ಟಿದ ಅವರು ಅಣುಶಕ್ತಿ ಸಂಸ್ಥೆಯಲ್ಲಿದ್ದು, ಮುಂದೆ ಅಕ್ಷರ ಜೋಡಣೆಯ ಯಂತ್ರಗಳ ಕ್ಷೇತ್ರಕ್ಕೆ ಬಂದರು. ಅಲ್ಲಿ ಅವರ ಕಣ್ಣಿಗೆ ಬಿದ್ದದ್ದು ಒಂದು ತೊಡಕು. ಕನ್ನಡಕ್ಕೆ ಐವತ್ತರಷ್ಟು ಅಕ್ಷರ, ಮೇಲೆ ಕಾಗುಣಿತ, ಒತ್ತಕ್ಷರ. ಕೀಲಿಮಣೆಯಲ್ಲಿರುವುದು 26 ಇಂಗ್ಲಿಷ್ ಅಕ್ಷರ.

ಅವರು ಕಂಡುಕೊಂಡ ಉಪಾಯ ಸರಳ. ಅಕ್ಷರದ ಆಕಾರವನ್ನು ಯಂತ್ರ ನೋಡಿಕೊಳ್ಳಲಿ, ನಾವು ಉಚ್ಚಾರದ ಕ್ರಮದಲ್ಲಿ ಒತ್ತಿದರೆ ಸಾಕು. 'ಹಬ್ಬು' ಎಂದು ಬರೆಯಲು ಹ, ಬ, ಕೂಡಿಸುವ ಕೀಲಿ, ಮತ್ತೆ ಬ, ಕೊನೆಗೆ ಉ. ಒತ್ತಕ್ಷರಕ್ಕೆಂದು ಬೇರೆ ಕೀಲಿಯೇ ಬೇಡ. ಸರ್ಕಾರಿ ಕಚೇರಿಗಳು ಬಳಸುವ 'ನುಡಿ' ತಂತ್ರಾಂಶದ ಕೀಲಿಮಣೆಗೆ ಬುನಾದಿ ಇದೇ. ತಮ್ಮ 'ಸೇಡಿಯಾಪು' ತಂತ್ರಾಂಶವನ್ನು ಅವರು ಉಚಿತವಾಗಿಯೇ ಹಂಚಿದರು.

ಡಾ. ಯು.ಬಿ. ಪವನಜ ಅವರೂ ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು. 1997ರಲ್ಲಿ ಆ ಕೆಲಸ ಬಿಟ್ಟು ಕನ್ನಡದ ಕಂಪ್ಯೂಟರ್ ಕೆಲಸಕ್ಕೆ ಇಳಿದರು. ಮಕ್ಕಳು ಪ್ರೋಗ್ರಾಂ ಬರೆಯುವುದನ್ನು ಕಲಿಯಲು ಮಾಡಿದ 'ಲೋಗೊ' ಎಂಬ ಭಾಷೆಯನ್ನು ಕನ್ನಡಕ್ಕೆ ತಂದರು. ಆದೇಶಗಳೆಲ್ಲ ಕನ್ನಡದಲ್ಲಿಯೇ. ಪ್ರೋಗ್ರಾಂ ಬರೆಯಲು ಬೇಕಾದದ್ದು ಯೋಚನೆಯ ಕ್ರಮ, ಇಂಗ್ಲಿಷ್ ಆಮೇಲೆ ಎಂಬುದನ್ನು ಅದು ತೋರಿಸಿತು. ಕೈಪಿಡಿ ಓದಲು, ಕೆಲಸದ ಪತ್ರ ಬರೆಯಲು ಇಂಗ್ಲಿಷ್ ಬೇಕೇ ಬೇಕು. ಆದರೆ ಕನ್ನಡ ಶಾಲೆಯಲ್ಲಿ ಓದಿದ ಮಗುವಿಗೆ ಈ ದಾರಿ ಮುಚ್ಚಿಲ್ಲ.

ಇವರಿಂದ ನಾವು ಕಲಿಯುವುದೇನು?

ಮೊದಲನೆಯದು, ಇವರಲ್ಲಿ ಯಾರೂ ಒಂದು ಕೋರ್ಸ್ ಕೊಂಡು ಮೇಲೆ ಬಂದವರಲ್ಲ. ಗಣಿತ, ವಿಜ್ಞಾನದ ಬುನಾದಿ ಗಟ್ಟಿಯಿತ್ತು. ಇವತ್ತಿನ ಕಂಪ್ಯೂಟರ್ ಭಾಷೆ ಹತ್ತು ವರ್ಷದಲ್ಲಿ ಹಳತಾಗುತ್ತದೆ, ಬುನಾದಿ ಹಳತಾಗುವುದಿಲ್ಲ. ಎರಡನೆಯದು, ತಮಗೆ ಚೆನ್ನಾಗಿ ಗೊತ್ತಿದ್ದ ಒಂದು ತೊಡಕನ್ನು ಹಿಡಿದರು. ರಾವ್ ಅವರಿಗೆ ಅದು ಕನ್ನಡದ ಅಕ್ಷರ. ನಿಮ್ಮ ಮಗುವಿಗೆ ಹಾಲಿನ ಲೆಕ್ಕ, ಮೇವಿನ ಲೆಕ್ಕ, ಹಸುವಿಗೆ ಗರ್ಭ ಕಟ್ಟಿಸಿದ ದಿನಾಂಕದ ಲೆಕ್ಕ ಗೊತ್ತು. ಪೇಟೆಯ ಮಗುವಿಗೆ ಅದು ಗೊತ್ತಿಲ್ಲ. ಮೂರನೆಯದು, ಸೋತಾಗ ಮತ್ತೆ ನೌಕರಿ ಮಾಡಿಕೊಂಡು ನಿಂತರು. ಹಾಗೆ ನಿಲ್ಲಲು ಹಿಂದೆ ಒಂದು ಆಸರೆ ಬೇಕು. ನಿಮ್ಮ ಮನೆಯಲ್ಲಿ ಆ ಆಸರೆ ಕೊಟ್ಟಿಗೆಯಲ್ಲಿದೆ.

ಕಡಿಮೆ ಖರ್ಚಿನ ದಾರಿಗಳು

ಮಾಜಾಳಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೇ ಇದೆ. ಮನೆಯಿಂದ ಹೋಗಿ ಬಂದು ಓದಿದರೆ ಹಾಸ್ಟೆಲ್ ಖರ್ಚು ಉಳಿಯುತ್ತದೆ. ಎಸ್‌ಎಸ್‌ಎಲ್‌ಸಿ ನಂತರ ಪಾಲಿಟೆಕ್ನಿಕ್‌ನಲ್ಲಿ 3 ವರ್ಷದ ಡಿಪ್ಲೊಮಾ ಮಾಡಿ, ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ ನೇರವಾಗಿ ಸೇರುವ ದಾರಿಯೂ ಇದೆ.

ಸಿಇಟಿಯ ಸರ್ಕಾರಿ ಸೀಟುಗಳಲ್ಲಿ 1ರಿಂದ 10ನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಒಂದು ಮಾತು ಗಮನಿಸಿ: ಗ್ರಾಮೀಣ ಮೀಸಲಾತಿಗೆ ಹತ್ತೂ ವರ್ಷ ಹಳ್ಳಿಯ ಶಾಲೆಯಲ್ಲೇ ಓದಿರಬೇಕು, ನಗರಸಭೆ ವ್ಯಾಪ್ತಿಯ ಶಾಲೆ ಲೆಕ್ಕಕ್ಕೆ ಬರುವುದಿಲ್ಲ. ಕಾರವಾರ ಪೇಟೆಯ ಶಾಲೆಯಲ್ಲಿ ಓದಿದ ಮಕ್ಕಳು ಕನ್ನಡ ಮಾಧ್ಯಮದ ಮೀಸಲಾತಿಯನ್ನು ನೋಡಿಕೊಳ್ಳಬೇಕು. ಶಾಲೆಯ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು. ಕೊನೆಯ ದಿನದವರೆಗೆ ಕಾಯಬೇಡಿ. ರೈತರ ಮಕ್ಕಳಿಗೆಂದು 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ ಹಾಗೂ ಇತರ ವಿದ್ಯಾರ್ಥಿವೇತನಗಳ ಈ ವರ್ಷದ ಸ್ಥಿತಿಯನ್ನು ರಾಜ್ಯದ ಎಸ್‌ಎಸ್‌ಪಿ ಜಾಲತಾಣದಲ್ಲಿ ನೋಡಿ.

ಕಲಿಯಲು ದುಡ್ಡೇ ಬೇಕೆಂದಿಲ್ಲ. ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳನ್ನು ಉಚಿತವಾಗಿ ನೋಡಬಹುದು. ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯುವುದಾದರೆ ಮಾತ್ರ ಶುಲ್ಕ. ಬಾಂಬೆ ಐಐಟಿಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡ ಧ್ವನಿಯ ಪಾಠಗಳೂ ಇವೆ. ಪೈಥಾನ್ ಎಂಬ ಭಾಷೆಯ ತಂತ್ರಾಂಶ ಪೂರ್ತಿ ಉಚಿತ. ಇವುಗಳಿಂದ ಮೂರು ತಿಂಗಳು ಕಲಿತು ನೋಡಲಿ. ಆಮೇಲೂ ಆಸಕ್ತಿ ಉಳಿದರೆ ಫೀಸಿನ ಮಾತು.

ಎಲ್ಲಿ ಎಚ್ಚರ ಬೇಕು?

"ಮೊದಲು ಹಣ ಕಟ್ಟಿ, ಕೆಲಸ ಗ್ಯಾರಂಟಿ" ಎನ್ನುವವರಿಂದ ದೂರವಿರಿ. ಕೆಲಸ ಕೊಡುವ ನಿಜವಾದ ಕಂಪನಿ ನಿಮ್ಮಿಂದ ಠೇವಣಿ ಕೇಳುವುದಿಲ್ಲ. ಮೂಲ ಅಂಕಪಟ್ಟಿಯನ್ನು ಯಾರ ಕೈಗೂ ಒಪ್ಪಿಸಿ ಬರಬೇಡಿ. ಇಷ್ಟು ವರ್ಷ ಕೆಲಸ ಬಿಡುವಂತಿಲ್ಲ ಎಂಬ ಬಾಂಡ್ ಇದ್ದರೆ ತಿಳಿದವರಿಗೆ ತೋರಿಸಿ, ಓದಿಸಿಕೊಂಡು ಸಹಿ ಹಾಕಿ.

ಈ ಕೆಲಸ ಸರ್ಕಾರಿ ನೌಕರಿಯಂತೆ ಕಾಯಂ ಅಲ್ಲ. ವ್ಯವಹಾರ ಇಳಿದಾಗ ಕಂಪನಿಗಳು ಜನರನ್ನು ಕಡಿಮೆ ಮಾಡುತ್ತವೆ. ಈಗ ಎಐ ಉಪಕರಣಗಳು ಹೇಳಿದ ಮಾತ್ರಕ್ಕೆ ಕೋಡ್ ಬರೆದುಕೊಡುತ್ತವೆ. ಆದ್ದರಿಂದ ಬರೀ ಬರೆಯಲು ಬಲ್ಲವರಿಗೆ ಬೇಡಿಕೆ ತಗ್ಗುವ ಅಪಾಯವಿದೆ. ಬರೆದದ್ದು ಸರಿಯೇ ಎಂದು ಪರೀಕ್ಷಿಸುವವರು, 40 ಎಂಬ ಜಿಡ್ಡು ಇರಲು ಸಾಧ್ಯವಿಲ್ಲ ಎಂದು ಹಿಡಿಯುವವರು ಬೇಕೇ ಬೇಕು. ಹಾಲಿನ ಮನೆಯ ಮಗುವಿಗೆ ಆ ತಿಳಿವಳಿಕೆ ಮನೆಯಲ್ಲೇ ಬಂದಿರುತ್ತದೆ.

ಸಾಫ್ಟ್‌ವೇರ್ ಒಗ್ಗದಿದ್ದರೆ ಬೇಸರ ಬೇಡ. ಬೆಂಗಳೂರಿನ ಹೆಬ್ಬಾಳದಲ್ಲಿ, ಕಲಬುರಗಿಯ ಮಹಾಗಾಂವದಲ್ಲಿ ಹೈನು ವಿಜ್ಞಾನ ಕಾಲೇಜುಗಳಿವೆ. ಅಲ್ಲಿ ಡೈರಿ ತಂತ್ರಜ್ಞಾನದ ಬಿ.ಟೆಕ್. ಓದಬಹುದು.

ಈ ವಾರವೇ ಮಾಡಿ ನೋಡಿ

ಒಂದು ವಾರದ ಹಾಲಿನ ಚೀಟಿಗಳನ್ನು ಮಗನಿಗೋ ಮಗಳಿಗೋ ಕೊಡಿ. ಪ್ರತಿ ಹೊತ್ತಿನ ಜಿಡ್ಡಿನ ಗ್ರಾಂ ಲೆಕ್ಕ ಹಾಕಿ, ದರಪಟ್ಟಿ ಹಿಡಿದು ಬಟವಾಡೆಯ ಮೊತ್ತಕ್ಕೆ ತಾಳೆ ನೋಡಲು ಹೇಳಿ. ಮೊದಲು ಕಾಗದದ ಮೇಲೆ, ಆಮೇಲೆ ಶಾಲೆಯ ಕಂಪ್ಯೂಟರಿನಲ್ಲಿ. ತಾಳೆಯಾಗದಿದ್ದರೆ ಎಲ್ಲಿ ತಪ್ಪಿತೆಂದು ತಾನೇ ಹುಡುಕಲಿ, ಸಂಘದ ಕಾರ್ಯದರ್ಶಿಯವರನ್ನು ಕೇಳಲಿ. ಹುಡುಕುತ್ತ ಊಟದ ಹೊತ್ತು ಮರೆತರೆ ಆ ಮಗುವನ್ನು ಧೈರ್ಯವಾಗಿ ಕಳುಹಿಸಿ. ಅರ್ಧಕ್ಕೇ ಬೇಸತ್ತು ಎದ್ದರೆ ಅದಕ್ಕೆ ಇಷ್ಟವಾದ ಬೇರೆ ಓದು ಯಾವುದೆಂದು ಕೇಳಿ. ಎರಡರಲ್ಲಿ ಯಾವುದಾದರೂ ಸರಿ, ಹಸು ಮಾತ್ರ ಕೊಟ್ಟಿಗೆಯಲ್ಲೇ ಇರಲಿ. ಫೀಸಿನ ಕಂತು ಕಟ್ಟುವುದು ಅದರ ಹಾಲಿನ ದುಡ್ಡೇ.