ಕಥೆಯೊಳಗೆ ಪ್ರೀತಿಸುವ ಇಬ್ಬರೂ ಗಂಡಸರಾದರೆ ಪುಸ್ತಕ ಅಚ್ಚು ಹಾಕಬಹುದಾ? 'ಮೋಹನಸ್ವಾಮಿ'ಯಿಂದ ಬ್ಯಾಡಗಿಯ ಒಂದು ನೋಟ್‌ಬುಕ್‌ವರೆಗೆ

ಬ್ಯಾಡಗಿ: ಸೋಮವಾರ, ಗುರುವಾರ ಟೆಂಡರ್ ದಿನ ನಮ್ಮ ಎಪಿಎಂಸಿಯಲ್ಲಿ ಮಾತಾಡೋಕೆ ಯಾರಿಗೂ ಪುರುಸೊತ್ತು ಇರಲ್ಲ. ಅದಕ್ಕೆ ಆತ ನನ್ನನ್ನು ಭಾನುವಾರ ಕರೆದ. ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗ, ಹೆಸರು ಹಾಕಂಗಿಲ್ಲ. ಇನ್ನೂರು ಪುಟದ ನೋಟ್‌ಬುಕ್ ಕೈಗೆ ಕೊಟ್ಟು, "ನೀ ಪೇಪರ್‌ನವ ಅಲ್ಲೇನಪಾ, ಇದನ್ನ ಅಚ್ಚ ಹಾಕ್ಸಿದ್ರ ಪೊಲೀಸ್ರು ಬರ್ತಾರನು?" ಅಂದ. ಒಳಗೆ ಏಳು ಕಥೆ. ಮೆಣಸಿನಕಾಯಿ ಚೀಲ ಹೊರುವ ಒಬ್ಬ, ಲಾರಿ ಕ್ಲೀನರ್ ಇನ್ನೊಬ್ಬ, ಇಬ್ಬರ ನಡುವಿನ ಪ್ರೀತಿ. ಹೊಲಸು ಏನೂ ಇಲ್ಲ. ಒಂದು ಕಥೆ ಓದಿ ನನಗೆ ಗಂಟಲು ಕಟ್ಟಿತು.

ಆತನ ಪ್ರಶ್ನೆಗೆ ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಡಿಗ್ರಿ ಅರ್ಧಕ್ಕೆ ಬಿಟ್ಟವನು ನಾನು, ಕಾನೂನೂ ಗೊತ್ತಿಲ್ಲ, ಸಾಹಿತ್ಯವೂ ಅಷ್ಟಕ್ಕಷ್ಟೆ. ಒಂದಿಷ್ಟು ದಿನ ಹುಡುಕಾಡಿ, ಕೇಳಿ ತಿಳ್ಕೊಂಡಿದ್ದನ್ನು ಇಲ್ಲಿ ಬರೀತಿದ್ದೀನಿ. ಇಂಥ ನೋಟ್‌ಬುಕ್ ತಾಲ್ಲೂಕಿನಲ್ಲಿ ಇದೊಂದೇ ಇರಲಿಕ್ಕಿಲ್ಲ.

ಮೊದಲು, ಕನ್ನಡದಲ್ಲಿ ಇದು ಆಗಲೇ ಆಗಿದೆ. 2013ರಲ್ಲಿ ವಸುಧೇಂದ್ರ ಅವರ 'ಮೋಹನಸ್ವಾಮಿ' ಎಂಬ ಕಥಾ ಸಂಕಲನ ಬಂತು. ವಸುಧೇಂದ್ರ ಬಳ್ಳಾರಿ ಜಿಲ್ಲೆಯ ಸಂಡೂರಿನವರು, 1969ರಲ್ಲಿ ಹುಟ್ಟಿದವರು, ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿದವರು. ಅದಕ್ಕೂ ಮುಂಚೆ 'ನಮ್ಮಮ್ಮ ಅಂದ್ರೆ ನಂಗಿಷ್ಟ' ಪುಸ್ತಕದಿಂದ ಮನೆಮನೆಗೆ ಗೊತ್ತಾಗಿದ್ದರು. ಅಮ್ಮನ ಬಗ್ಗೆ ಓದಿ ಕಣ್ಣೊರೆಸಿಕೊಂಡಿದ್ದ ಅದೇ ಓದುಗರ ಕೈಗೆ ಈ ಪುಸ್ತಕ ಬಂತು. ಕಥಾನಾಯಕ ಮೋಹನಸ್ವಾಮಿ ಸಣ್ಣ ಊರಿಂದ ಬೆಂಗಳೂರಿಗೆ ಹೋದವನು, ಗಂಡಸರನ್ನು ಪ್ರೀತಿಸುವವನು. 'ಕಗ್ಗಂಟು' ಕಥೆಯಲ್ಲಿ ಅವನ ಜೊತೆ ಒಂದೇ ಮನೆಯಲ್ಲಿದ್ದ ಕಾರ್ತಿಕ್ ಮದುವೆಗೆ ಹುಡುಗಿ ಒಪ್ಪಿಕೊಳ್ಳುತ್ತಾನೆ. ಕಥೆ ಇಷ್ಟೇ. ಆದರೆ ಬಿಟ್ಟುಹೋಗುವ ಸಂಕಟ ಯಾರಿಗೆ ಗೊತ್ತಿಲ್ಲ? ನಮ್ಮ ಹುಡುಗರು ಎಷ್ಟು ಜನ ಮದುವೆ ಪತ್ರಿಕೆ ನೋಡಿ ಅತ್ತಿಲ್ಲ!

ಈ ಸರಣಿಯ ಆರಂಭವನ್ನು ವಸುಧೇಂದ್ರ ಬೇರೆ ಹೆಸರಿನಲ್ಲಿ ಪ್ರಕಟಿಸಿದ್ದರು. ಅಷ್ಟು ಹೆಸರಾದ ಲೇಖಕರಿಗೂ ಅಳುಕು ಇತ್ತು ಅಂತಾಯ್ತು. ಆಮೇಲೆ ಸ್ವಂತ ಹೆಸರಿನಲ್ಲಿ ಪುಸ್ತಕ ತಂದರು, ತಾವೂ ಸಲಿಂಗಿ ಎಂದು ಬಹಿರಂಗವಾಗಿ ಹೇಳಿದರು. ಇನ್ನೊಂದು ಅನುಕೂಲವೂ ಇತ್ತು: ಪ್ರಕಾಶನ ಅವರದ್ದೇ, 'ಛಂದ ಪುಸ್ತಕ'. ಬೇಡ ಅನ್ನುವ ಪ್ರಕಾಶಕರೇ ಇರಲಿಲ್ಲ. 2016ರಲ್ಲಿ ರಶ್ಮಿ ತೇರದಾಳ ಅವರ ಇಂಗ್ಲಿಷ್ ಅನುವಾದ ಹಾರ್ಪರ್‌ಕಾಲಿನ್ಸ್‌ನಿಂದ ಬಂತು. ಪುಸ್ತಕ ಓದಿದ ಮೇಲೆ ಎಷ್ಟೋ ಹುಡುಗರು ತಮ್ಮನ್ನು ಸಂಪರ್ಕಿಸಿ ಮನಸ್ಸು ಬಿಚ್ಚಿ ಮಾತಾಡಿದರೆಂದು ಅವರು ಸಂದರ್ಶನಗಳಲ್ಲಿ ಹೇಳಿದ್ದಾರೆ.

ಇನ್ನು ಪೊಲೀಸರ ಪ್ರಶ್ನೆ. ಇಲ್ಲಿ ಎರಡು ಬೇರೆ ಕಾನೂನುಗಳನ್ನು ಜನ ಕಲಸಿಬಿಡುತ್ತಾರೆ.

ಒಂದು, ಹಳೆಯ ಐಪಿಸಿ 377. ದೆಹಲಿ ಹೈಕೋರ್ಟ್ 2009ರಲ್ಲಿ ಒಪ್ಪಿಗೆಯಿರುವ ವಯಸ್ಕರ ಸಂಬಂಧ ಅಪರಾಧವಲ್ಲ ಎಂದಿತು, 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ಅಂದರೆ 'ಮೋಹನಸ್ವಾಮಿ' ಬಂದ ವರ್ಷವೇ ಈ ಪೆಟ್ಟು. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಅದೇ ಸುಪ್ರೀಂ ಕೋರ್ಟ್ ಅಪರಾಧವಲ್ಲ ಎಂದು ಸ್ಪಷ್ಟ ಮಾಡಿತು. ಮದುವೆಯ ಹಕ್ಕನ್ನು ಮಾತ್ರ 2023ರಲ್ಲಿ ಕೊಡಲಿಲ್ಲ. ಗಮನಿಸಿ, 377 ಇದ್ದಾಗಲೂ ಅದು ಕೃತ್ಯದ ಬಗ್ಗೆ ಇತ್ತೇ ಹೊರತು ಕಥೆ ಬರೆಯುವುದರ ಬಗ್ಗೆ ಅಲ್ಲ.

ಎರಡನೆಯದು ಅಶ್ಲೀಲತೆಯ ಕಾನೂನು. ಮೊದಲು ಐಪಿಸಿ 292, ಈಗ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 294. ಇದು ಗಂಡು-ಹೆಣ್ಣಿನ ಕಥೆಗೂ ಒಂದೇ, ಗಂಡು-ಗಂಡಿನ ಕಥೆಗೂ ಒಂದೇ. ಸಾಹಿತ್ಯ, ಕಲೆ, ವಿಜ್ಞಾನದ ಹಿತಕ್ಕಾಗಿ ಸಾರ್ವಜನಿಕ ಒಳಿತಿಗೆ ಬಂದ ಪುಸ್ತಕಕ್ಕೆ ಅದರಲ್ಲೇ ವಿನಾಯಿತಿ ಇದೆ. ಹಾಗಂತ ಯಾರೂ ಕೇಸೇ ಹಾಕಲ್ಲ ಅಂತಲ್ಲ. ಉರ್ದು ಲೇಖಕಿ ಇಸ್ಮತ್ ಚುಗ್ತಾಯಿ 1942ರಲ್ಲಿ ಇಬ್ಬರು ಹೆಂಗಸರ ಬಗ್ಗೆ 'ಲಿಹಾಫ್' ಬರೆದಾಗ ಲಾಹೋರ್ ಕೋರ್ಟಿಗೆ ಅಲೆಯಬೇಕಾಯಿತು. ಅಶ್ಲೀಲ ಪದ ಯಾವುದು ಅಂತ ತೋರಿಸೋಕೆ ಆಗದೆ ಎದುರಿನವರು ಸೋತರು.

ನನ್ನ ಲೆಕ್ಕದಲ್ಲಿ ನಮ್ಮ ಹುಡುಗ ಹೆದರಬೇಕಾದ್ದು ಇದಕ್ಕಲ್ಲ. ಬ್ಯಾಡಗಿ ಸಣ್ಣ ಊರು. ಕಥೆಯಲ್ಲಿ "ಮೂಲೆ ಅಂಗಡಿ ಸಾಹುಕಾರ್ರ ಸಣ್ಣ ಮಗ" ಅಂತ ಬರೆದರೆ ಸಂಜೆಯೊಳಗೆ ಅದು ಯಾರು ಅಂತ ಮಾರ್ಕೆಟ್ ತುಂಬ ಹಬ್ಬುತ್ತದೆ. ಮಾನನಷ್ಟದ ಕೇಸು ಬೀಳಬಹುದು. ಅದಕ್ಕಿಂತ ದೊಡ್ಡದು, ಮುಚ್ಚಿಟ್ಟುಕೊಂಡು ಬದುಕುತ್ತಿರುವ ಒಬ್ಬನ ಮನೆ ಮುರಿಯಬಹುದು. ಆತನ ನಾಲ್ಕನೇ ಕಥೆಯಲ್ಲಿ ಅಂಥ ಒಂದು ಗುರುತು ಇತ್ತು. ಹೇಳಿದೆ. ಎರಡು ನಿಮಿಷ ಸುಮ್ಮನಿದ್ದು, "ತೆಗೀತೀನಿ" ಅಂದ.

ಇನ್ನು ಅಚ್ಚು ಹಾಕಿಸೋದು. ಹೊಸಬರ ಮೊದಲ ಕಥಾ ಸಂಕಲನಕ್ಕೆ ಛಂದ ಪುಸ್ತಕವೇ ಹಸ್ತಪ್ರತಿ ಸ್ಪರ್ಧೆ ನಡೆಸಿಕೊಂಡು ಬಂದಿದೆ. ಗೆದ್ದದ್ದನ್ನು ಅವರೇ ಪ್ರಕಟಿಸುತ್ತಾರೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ಅರ್ಜಿ ಕರೆದಾಗ ಹಾಕಬೇಕು. ಸ್ವಂತಕ್ಕೆ ಹಾಕಿಸುವುದಾದರೆ ಐಎಸ್‌ಬಿಎನ್ ಸಂಖ್ಯೆಯನ್ನು ದೆಹಲಿಯ ರಾಜಾ ರಾಮಮೋಹನ ರಾಯ್ ಏಜೆನ್ಸಿ ಪುಕ್ಕಟೆ ಕೊಡುತ್ತದೆ. ಅದಕ್ಕೂ ರೊಕ್ಕ ಕೇಳುವ ಏಜೆಂಟರು ಇದ್ದಾರೆ, ಹುಷಾರು. ಈಗ ಡಿಜಿಟಲ್ ಪ್ರಿಂಟಿಂಗ್‌ನಲ್ಲಿ ನೂರು ಪ್ರತಿ ಕೂಡ ಮಾಡಿಸಬಹುದು, ಪ್ರತಿಗೆ ಬೀಳುವ ಖರ್ಚು ಮಾತ್ರ ಜಾಸ್ತಿ.

ಮಾರಾಟ? ಪುಸ್ತಕ ಮಾರುವ ಒಬ್ಬ ಅಂಗಡಿಯವರನ್ನು ಕೇಳಿದೆ. "ನನಗ ಗೈಡು, ನೋಟ್‌ಬುಕ್ ಮಾರಿ ಸಂಸಾರ ನಡೀಬೇಕ್ರೀ. ಕಥಿ ಪುಸ್ತಕಾನ ಯಾರೂ ಕೇಳಂಗಿಲ್ಲ, ಇನ್ನ ಇದು" ಅಂದರು. ಸಿಟ್ಟಿನಿಂದ ಅಲ್ಲ, ಇದ್ದ ವಿಷಯ ಹೇಳಿದರು. ಆಮೇಲೆ ಅವರೇ, "ಎರಡು ಪ್ರತಿ ಕೊಡ್ರಿ, ಒಳಗ ಇಟ್ಟಿರ್ತೀನಿ. ಕೇಳಿದವ್ರಿಗೆ ಕೊಡೂಣು" ಅಂದದ್ದು ನನಗೆ ಆಶ್ಚರ್ಯ.

ನಮ್ಮ ಜಿಲ್ಲೆಗೆ ಈ ತಾಪತ್ರಯ ಹೊಸದಲ್ಲ. ಕಾದಂಬರಿ ಪಿತಾಮಹ ಅಂತ ಕರೆಸಿಕೊಂಡ ಗಳಗನಾಥರು ತಾವು ಬರೆದ ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. ಈಗಿನವರಿಗೆ ವಾಟ್ಸ್ಆ್ಯಪ್, ಕೊರಿಯರ್ ಇವೆ. ಮುಖ ತೋರಿಸದೇ ತರಿಸಿಕೊಳ್ಳುವವರಿಗೆ ಅದೇ ಅನುಕೂಲ.

ಪದಗಳ ಬಗ್ಗೆ ಒಂದು ಮಾತು. ನಮ್ಮ ಕಡೆ ಇಂಥವರಿಗೆ ಇರುವುದೆಲ್ಲ ಬೈಗುಳವೇ, ಇಲ್ಲಿ ಬರೆಯಲ್ಲ. ಪತ್ರಿಕೆಗಳು ಬರೆಯುವ 'ಸಲಿಂಗಕಾಮಿ' ಎಂಬುದರಲ್ಲಿ ಕಾಮ ಮಾತ್ರ ಕಾಣುತ್ತದೆ ಅಂತ ಆತನ ತಕರಾರು. 'ಸಲಿಂಗಿ' ಅಂದರೆ ಪರವಾಗಿಲ್ಲವಂತೆ. ಆದರೆ ಆತನ ಏಳೂ ಕಥೆಯಲ್ಲಿ ಎರಡೂ ಪದ ಇಲ್ಲ. ಅಲ್ಲಿ "ದೋಸ್ತ" ಅಂತಷ್ಟೇ ಇದೆ.

ಕಳೆದ ವಾರ ಡಿಟಿಪಿ ಮುಗಿಯಿತು, 96 ಪುಟ ಬಂದಿದೆ. ಮುಖಪುಟದಲ್ಲಿ ಲೇಖಕರ ಹೆಸರಿನ ಜಾಗ ಇನ್ನೂ ಖಾಲಿ ಇದೆ. ಅವ್ವನಿಗೆ ಮೊದಲು ಓದಿ ಹೇಳ್ತೀನಿ, ಆಮೇಲೆ ಹೆಸರಿನ ವಿಚಾರ ಅಂದಿದ್ದಾನೆ. ಅವ್ವನಿಗೆ ಓದು ಬರಲ್ಲ.