ಪಲಾಯನಗೈದವನಿಗೆ ಕಾಲವಿಳಂಬ ರಕ್ಷೆಯೇ?

ಬ್ಯಾಂಕುಗಳಿಗೆ 9,000 ಕೋಟಿ ರೂಪಾಯಿಗೂ ಅಧಿಕ ಸಾಲ ಬಾಕಿಯಿದ್ದಾಗಲೇ ಬೆಂಗಳೂರಿನ ಮದ್ಯೋದ್ಯಮಿ ವಿಜಯ್ ಮಲ್ಯ 2016ರ ಮಾರ್ಚ್ 2ರಂದು ದೇಶ ತೊರೆದರು. ಹಸ್ತಾಂತರದ ವಿರುದ್ಧ ಅವರು ಸಲ್ಲಿಸಿದ್ದ ಮೇಲ್ಮನವಿಯನ್ನು ಲಂಡನ್ ಹೈಕೋರ್ಟ್ 2020ರ ಏಪ್ರಿಲ್ 20ರಂದು ವಜಾ ಮಾಡಿತು. ಅಲ್ಲಿ ಪ್ರಧಾನವಾಗಿ ಚರ್ಚೆಯಾದದ್ದು ಮೇಲ್ನೋಟದ ಸಾಕ್ಷ್ಯ. ಆದರೆ ಜನರನ್ನು ಕಾಡುವ ಪ್ರಶ್ನೆ ಬೇರೆ: ವರ್ಷಗಳು ಉರುಳಿದರೆ ಆರೋಪಿ ಪಾರಾಗುವನೇ?

ಬ್ರಿಟನ್ನಿನ 2003ರ ಹಸ್ತಾಂತರ ಕಾಯ್ದೆಯ 82ನೇ ಸೆಕ್ಷನ್ ಇದಕ್ಕೆ ಎಡೆಯಿತ್ತಿದೆ. ಕಾಲ ಗತಿಸಿದ ಕಾರಣ ಒಪ್ಪಿಸುವುದು ಅನ್ಯಾಯ ಅಥವಾ ದಬ್ಬಾಳಿಕೆ ಎನಿಸಿದರೆ ಕೋರಿಕೆ ಬಿದ್ದುಹೋಗುತ್ತದೆ. ಸಾಕ್ಷಿಗಳು ಮರಣಿಸಿ ವಿಚಾರಣೆಯೇ ಕೆಡುವುದು ಅನ್ಯಾಯ. ನೆಲೆಗೊಂಡ ಬದುಕು ಛಿದ್ರವಾಗುವುದು ದಬ್ಬಾಳಿಕೆ.

ಆದರೆ ತಾನೇ ಓಡಿಹೋಗಿ ತಂದುಕೊಂಡ ವಿಳಂಬದ ಲಾಭ ಆರೋಪಿಗೆ, ತೀರಾ ಅಪರೂಪದ ಸಂದರ್ಭ ಹೊರತು, ಸಲ್ಲದೆಂದು ಹೌಸ್ ಆಫ್ ಲಾರ್ಡ್ಸ್ 1978ರ ಕಾಕಿಸ್ ಪ್ರಕರಣದಲ್ಲಿ ಹೇಳಿತು. 2009ರಲ್ಲಿ ನಿಯಮ ಇನ್ನಷ್ಟು ಬಿಗಿಯಾಯಿತು: ಕೋರಿದ ದೇಶ ಆಲಸ್ಯ ತೋರಿದರೂ ಓಡಿಹೋದವನು ಅದನ್ನು ದೂರುವಂತಿಲ್ಲ.

ಹೀಗಾಗಿ 'ಪಲಾಯನ'ವೇ ನಿರ್ಣಾಯಕ. ಮುಂಬೈ ವಿಶೇಷ ನ್ಯಾಯಾಲಯ 2019ರ ಜನವರಿ 5ರಂದು ಮಲ್ಯರನ್ನು ಪರಾರಿಯಾದ ಆರ್ಥಿಕ ಅಪರಾಧಿಯೆಂದು ಘೋಷಿಸಿತು. ಅದು ಪೂರ್ವನಿಗದಿತ ಪ್ರವಾಸವೆಂಬುದು ಅವರ ವಾದ. ಬ್ರಿಟನ್ನಿನ ನ್ಯಾಯಾಲಯಕ್ಕೆ ಭಾರತದ ಘೋಷಣೆಯೊಂದೇ ಸಾಲದು. ಆರೋಪಿ ಬೇಕೆಂದೇ ತಪ್ಪಿಸಿಕೊಂಡದ್ದು ಸಂಶಯಾತೀತವಾಗಿ ಸಾಬೀತಾಗಬೇಕು. ಆದ್ದರಿಂದ ಆತ ಎಂದು, ಏಕೆ ಹೊರಟನೆಂಬ ದಾಖಲೆ ಆರೋಪಪಟ್ಟಿಯಷ್ಟೇ ಮುಖ್ಯ.