ಜಯಲಕ್ಷ್ಮೀ ವಿಲಾಸ: ಹಲವು ಶೈಲಿಗಳು ಒಂದಾದ ಮನೆ

ಮೈಸೂರೆಂದೊಡನೆ ದೀಪಗಳಿಂದ ಬೆಳಗುವ ದೊಡ್ಡ ಅರಮನೆ ಕಣ್ಮುಂದೆ ಸುಳಿಯುವುದು ಸಹಜ. ಅದೇ ನಗರದ ಮಾನಸಗಂಗೋತ್ರಿಯ ಏರುನೆಲದ ಮೇಲೆ, ಕುಕ್ಕರಹಳ್ಳಿ ಕೆರೆಗೆ ಅನತಿ ದೂರದಲ್ಲಿ, ಮತ್ತೊಂದು ಅಪೂರ್ವ ಭವನವಿದೆ. ಅದೇ ಜಯಲಕ್ಷ್ಮೀ ವಿಲಾಸ.

1905ರಲ್ಲಿ ನಿರ್ಮಾಣಗೊಂಡ ಈ ಸೌಧವು ಹತ್ತನೆಯ ಚಾಮರಾಜ ಒಡೆಯರ ಹಿರಿಯ ಪುತ್ರಿ ಜಯಲಕ್ಷಮ್ಮಣ್ಣಿಯವರ ನಿವಾಸವಾಗಿತ್ತು. ಅವರ ಪತಿ ಎಂ. ಕಾಂತರಾಜ ಅರಸರು 1919ರಿಂದ 1922ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದವರು.

ಹೊರನೋಟಕ್ಕೆ ಇದು ಐರೋಪ್ಯ ಸೌಧ. ಉದ್ದನೆಯ ಮೊಗಸಾಲೆಯನ್ನು ಹೊತ್ತ ಜೋಡಿ ಕಂಬಗಳು. ಕೆಲವುಗಳ ತಲೆಯಲ್ಲಿ ಎಲೆಗೊಂಚಲಿನ ಕೊರಿಂಥಿಯನ್ ಅಲಂಕಾರ, ಕೆಲವುಗಳಲ್ಲಿ ಸುರುಳಿಯಂಥ ಅಯೋನಿಕ್ ಅಲಂಕಾರ. ಒಳಗೆ ಕಾಲಿಟ್ಟರೆ ನಮ್ಮ ನಾಡಿನ ಮನೆ: ಕುಸುರಿ ಕೆತ್ತನೆಯ ಮರದ ಕಂಬಗಳು, ಬಾಗಿಲುಗಳು, ಮದುವೆ ಮುಂಜಿಗಳಿಗೆಂದೇ ಕಲ್ಯಾಣಮಂಟಪ, ಅದರ ಮೇಲೆ ಬಣ್ಣದ ಗಾಜಿನ ಗುಮ್ಮಟ. ನೂರಕ್ಕೂ ಮಿಗಿಲಾದ ಕೋಣೆಗಳ ಈ ಭವನದಲ್ಲಿ ಪರದೇಶದ ಶೈಲಿ ಅತಿಥಿಯಾಗಿ ಬಂದಿದೆಯೇ ಹೊರತು ಮನೆಯ ಯಜಮಾನಿಕೆಯನ್ನು ಕಸಿದುಕೊಂಡಿಲ್ಲ.

ಕುವೆಂಪು ಅವರು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1959ರಲ್ಲಿ, ಈ ಭವನ ವಿಶ್ವವಿದ್ಯಾನಿಲಯದ ವಶಕ್ಕೆ ಬಂದಿತು. 1968ರಲ್ಲಿ ಇಲ್ಲಿ ಜಾನಪದ ವಸ್ತುಸಂಗ್ರಹಾಲಯ ರೂಪುಗೊಂಡಿತು. ಹಳ್ಳಿಯ ಅಡುಗೆಮನೆಯ ಪಾತ್ರೆ, ಬೇಸಾಯದ ಸಲಕರಣೆ, ತೊಗಲುಗೊಂಬೆ, ಯಕ್ಷಗಾನದ ವೇಷಭೂಷಣಗಳು ರಾಜಕುಮಾರಿಯ ಮನೆಯನ್ನು ಸೇರಿದವು. ಒಕ್ಕಲಿನ ಮನೆಯ ಬದುಕಿಗೆ ಅರಮನೆಯಲ್ಲಿ ಪೀಠ ದೊರೆತದ್ದು ಸಾಮಾನ್ಯ ಸಂಗತಿಯಲ್ಲ.

ಆದರೆ ಕಟ್ಟಡಕ್ಕೂ ಮುಪ್ಪುಂಟು. ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ 2006ರ ಹೊತ್ತಿಗೆ ಇದರ ಜೀರ್ಣೋದ್ಧಾರ ನಡೆಯಿತು. ಆ ಬಳಿಕವೂ ಮಳೆಗಾಲಗಳ ಪೆಟ್ಟು ತಪ್ಪಲಿಲ್ಲ. ಸುಣ್ಣದ ಗಾರೆಯ ಗೋಡೆ ಹೀರಿದ ತೇವವನ್ನು ಮೆಲ್ಲಗೆ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಉಳಿದು ಗಾರೆ ಉದುರುತ್ತದೆ, ತೊಲೆಗಳ ತುದಿ ಕೊಳೆಯುತ್ತದೆ. ಉಪೇಕ್ಷೆಯ ಬೆಲೆಯನ್ನು ಮೈಸೂರು ಬಲ್ಲದು: 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಪ್ರಾಣ ತೆತ್ತರು.

ನಮ್ಮ ಅನೇಕ ಕುಟುಂಬಗಳಲ್ಲಿಯೂ ಹಿರಿಯರು ಕಟ್ಟಿಸಿದ ತೊಟ್ಟಿಮನೆಗಳಿವೆ. ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸುವುದು, ನೀರು ಹರಿಯುವ ದೋಣಿಯ ಕಸ ತೆಗೆಯುವುದು, ಬಿರುಕಿಗೆ ಸುಣ್ಣದ ಗಾರೆಯನ್ನೇ ತುಂಬುವುದು—ಇಷ್ಟು ಕಾಯಕ ವರ್ಷವರ್ಷವೂ ನಡೆದರೆ ಮನೆಯ ಆಯುಷ್ಯ ಒಂದು ತಲೆಮಾರು ಹೆಚ್ಚುತ್ತದೆ. ಕಟ್ಟಿದವರ ಹೆಸರು ಉಳಿಯುವುದು ಕಾಪಾಡುವವರ ಕೈಯಲ್ಲಿ.